‘ನೀನು’ ಎಂದು ಕರೆಯುವ ಹಾಡು

ರಾತ್ರಿಯ ಊಟ ಮುಗಿದ ಮೇಲಿನ ಅರ್ಧ ಗಂಟೆ ನಮ್ಮ ಮನೆಯಲ್ಲಿ ಹಾಡಿಗೆ ಮೀಸಲು. ಪುಣೆಗೆ ಬಂದ ಮೊದಲ ವರ್ಷಗಳಲ್ಲಿ ಆ ಹೊತ್ತಿಗೆ ಒದಗುತ್ತಿದ್ದುದು ‘ಮೈಸೂರು ಮಲ್ಲಿಗೆ’ಯ ಗೀತೆಗಳು, ಇಲ್ಲವೇ ಮಲ್ಲಿಕಾರ್ಜುನ ಮನ್ಸೂರರ ವಚನಗಾಯನ. ಕೆಲವು ವರ್ಷಗಳಿಂದ ಆ ಸಾಲಿಗೆ ಒಂದು ಫ್ರೆಂಚ್ ಆಲ್ಬಂ ಸೇರಿಕೊಂಡಿದೆ. 1971ರಲ್ಲಿ ಬಂದ, ಫ್ರಾಂಸ್ವಾಜ್ ಆರ್ಡಿ ಹಾಡಿರುವ ‘ಲಾ ಕೆಸ್ತಿಯೊಂ’ ಅದು. ‘ಪ್ರಶ್ನೆ’ ಎಂದು ಅದರ ಅರ್ಥ. ಹನ್ನೆರಡು ಹಾಡುಗಳು; ಎಲ್ಲ ಸೇರಿ ಅರ್ಧ ಗಂಟೆಗಿಂತ ತುಸು ಹೆಚ್ಚು. ಪ್ರೇಮಗೀತೆಗಳೇ, ಆದರೆ ಪ್ರೇಮದ ಸಂಭ್ರಮಕ್ಕಿಂತ ಅದರ ಸಂದೇಹವನ್ನು ಹಾಡುವ ಗೀತೆಗಳು.

ಆರ್ಡಿ ಪ್ಯಾರಿಸಿನವರು, ಹುಟ್ಟಿದ್ದು 1944ರಲ್ಲಿ. 1962ರ ಅಕ್ಟೋಬರ್ 28ರ ರಾತ್ರಿ ಫ್ರಾನ್ಸಿನ ಜನ ಜನಮತಗಣನೆಯ ಫಲಿತಾಂಶಕ್ಕಾಗಿ ಟಿ.ವಿ.ಯ ಮುಂದೆ ಕುಳಿತಿದ್ದಾಗ, ನಡುವಿನ ಬಿಡುವಿನಲ್ಲಿ ಹದಿನೆಂಟರ ಹುಡುಗಿಯೊಬ್ಬಳು ಹಾಡಿದಳು. ಓರಗೆಯವರೆಲ್ಲ ಕೈಕೈ ಹಿಡಿದು ಜೋಡಿಯಾಗಿ ನಡೆಯುವಾಗ ತಾನೊಬ್ಬಳೇ ಬೀದಿಯಲ್ಲಿ ನಡೆಯುವವಳ ಅಳಲು ಆ ಹಾಡಿನಲ್ಲಿತ್ತು. ಅಲ್ಲಿಂದ ಮುಂದೆ ಖ್ಯಾತಿ ಅವರ ಬೆನ್ನು ಬಿಡಲಿಲ್ಲ. ಬಾಬ್ ಡಿಲನ್ 1964ರ ತಮ್ಮ ಆಲ್ಬಂ ಒಂದರ ಹಿಂಬದಿಯಲ್ಲಿ ಅವರನ್ನುದ್ದೇಶಿಸಿ ಬರೆದ ಕವಿತೆಯನ್ನು ಅಚ್ಚು ಹಾಕಿಸಿದ್ದರು. ಇಷ್ಟಾದರೂ 1968ರಲ್ಲಿ ಆರ್ಡಿ ವೇದಿಕೆಯ ಕಛೇರಿಗಳಿಗೆ ವಿದಾಯ ಹೇಳಿದರು. ಅದಾಗಿ ಮೂರು ವರ್ಷಕ್ಕೆ ಬಂದದ್ದು ಈ ಆಲ್ಬಂ. ಬಂದಾಗ ಅದು ಹಿಂದಿನವುಗಳಷ್ಟು ಮಾರಾಟವಾಗಲಿಲ್ಲ. ಇಂದು ಅವರ ಶ್ರೇಷ್ಠ ಕೃತಿ ಯಾವುದೆಂದು ಕೇಳಿದರೆ ಬಹುಪಾಲು ರಸಿಕರು ಇದರತ್ತಲೇ ಬೆರಳು ತೋರುತ್ತಾರೆ.

ಈ ಆಲ್ಬಮ್ಮಿನ ಸೊಗಸಿನಲ್ಲಿ ಅರ್ಧಪಾಲು ಟುಕಾ ಎಂಬ ಬ್ರೆಜಿಲಿನ ಕಲಾವಿದೆಗೆ ಸಲ್ಲಬೇಕು. ಆಕೆಯದೂ ಅದೇ ವಯಸ್ಸು. ಹೆಚ್ಚಿನ ಹಾಡುಗಳ ರಾಗ ಆಕೆಯದು, ಗಿಟಾರ್ ಆಕೆಯದು. ಜೊತೆಗೆ ಗೀ ಪೆಡರ್ಸನ್ನರ ಡಬಲ್ ಬೇಸ್, ದೂರದಿಂದ ಬಂದು ಹೋಗುವ ಪಿಟೀಲುಗಳ ಅಲೆ, ಇವಿಷ್ಟೇ. ಪಾಪ್ ಸಂಗೀತದಲ್ಲಿ ನಾವು ನಿರೀಕ್ಷಿಸುವ ಡ್ರಮ್ಮಿನ ಬಡಿತ ಇಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ತಂಬೂರಿಯನ್ನಷ್ಟೇ ನೆಚ್ಚಿ ಹಾಡುವವರಂತೆ ದನಿ ಬಯಲಲ್ಲಿ ನಿಂತಿರುತ್ತದೆ. ಆರ್ಡಿಯವರದು ದೊಡ್ಡ ಕಂಠವಲ್ಲ. ಮಗ್ಗುಲಲ್ಲಿ ಮಲಗಿದವರಿಗೆ ಮಾತ್ರ ಕೇಳಲೆಂಬಂತೆ, ಮಕ್ಕಳು ಎಚ್ಚರವಾಗದಿರಲೆಂಬಂತೆ ಹಾಡುವ ದನಿ. ಒಂದು ಹಾಡಂತೂ ಮಾತಿನ ಹಂಗನ್ನೇ ಬಹುಮಟ್ಟಿಗೆ ತೊರೆದು ಬರಿಯ ಗುನುಗಾಗುತ್ತದೆ. ಟುಕಾ 1978ರಲ್ಲಿ, ಮೂವತ್ತಮೂರರ ಪ್ರಾಯದಲ್ಲೇ ತೀರಿಕೊಂಡರು. ಆ ಬೆರಳುಗಳು ತಂತಿಯ ಮೇಲೆ ಜಾರುವ ಸಣ್ಣ ಸದ್ದು ಮಾತ್ರ ಧ್ವನಿಮುದ್ರಣದಲ್ಲಿ ಉಳಿದಿದೆ.

ನಾವು ಇದನ್ನು ಮೊದಲು ಕೇಳಿದ ದಿನಗಳು ಅಷ್ಟೇನೂ ಸುಖದವಾಗಿರಲಿಲ್ಲ. ವರ್ಗಾವಣೆಯ ಆದೇಶವೊಂದು ನಮ್ಮಿಬ್ಬರನ್ನು ಮೂರು ವರ್ಷ ಎರಡು ಊರುಗಳಲ್ಲಿ ಇರಿಸಿತ್ತು. ದೂರವಾಣಿಯಲ್ಲಿ ದಿನವೂ ಮಾತು ನಡೆಯುತ್ತಿತ್ತು: ಮಗಳ ಶಾಲೆಯ ಶುಲ್ಕ, ಗ್ಯಾಸ್ ಸಿಲಿಂಡರು, ಊರಿನಲ್ಲಿ ಅಮ್ಮನ ಮಂಡಿನೋವು. ಮತ್ತೆ ಒಂದೇ ಸೂರಿನಡಿ ಸೇರಿದ ಮೇಲೆ ತಿಳಿಯಿತು, ಆ ವಿಷಯಗಳು ಮುಗಿದರೆ ನಮ್ಮಲ್ಲಿ ಬೇರೆ ಮಾತಿಲ್ಲವೆಂದು. ಜಗಳವಿರಲಿಲ್ಲ, ಜಗಳವಾಡುವಷ್ಟು ಸಲುಗೆಯೂ ಉಳಿದಿರಲಿಲ್ಲ. ‘ಮೈಸೂರು ಮಲ್ಲಿಗೆ’ಯ ದಂಪತಿಗಳ ತುಂಬಿದ ಒಲವನ್ನು ಆ ದಿನಗಳಲ್ಲಿ ಕೇಳುವುದು ಕಷ್ಟವಾಗುತ್ತಿತ್ತು. ಅರ್ಥವಾಗದ ಭಾಷೆಯ ಹಾಡು ಹಾಕಿಕೊಂಡರೆ ಮೌನಕ್ಕೊಂದು ನೆಪ ಸಿಗುತ್ತಿತ್ತು. ಹಾಗೆ ಈ ಆಲ್ಬಂ ಮನೆಗೆ ಬಂತು.

ನಮ್ಮಲ್ಲೊಬ್ಬರು ಕಾಲೇಜಿನಲ್ಲಿ ಎರಡು ವರ್ಷ ಫ್ರೆಂಚ್ ಓದಿದವರು. ಆ ಅರೆಬರೆ ಕಲಿಕೆ, ಒಂದು ನಿಘಂಟು, ಒಂದೆರಡು ಇಂಗ್ಲಿಷ್ ಅನುವಾದ, ಇವುಗಳ ನೆರವಿನಿಂದ ಆಲ್ಬಮ್ಮಿಗೆ ಹೆಸರು ಕೊಟ್ಟ ಹಾಡನ್ನು ಕನ್ನಡಕ್ಕೆ ತರಲು ಕುಳಿತೆವು. ಅದರ ಸಾಹಿತ್ಯ ಸ್ವತಃ ಆರ್ಡಿಯವರದು. ಜೊತೆಗಿರುವವನು ಯಾರೆಂಬುದೇ ತನಗೆ ತಿಳಿಯದೆಂದು ಹೆಣ್ಣೊಬ್ಬಳು ಹೇಳಿಕೊಳ್ಳುತ್ತಾಳೆ. ಅವನ ಮೌನ ತನ್ನ ಮೌನವನ್ನೂ ಕಲಕುತ್ತದೆನ್ನುತ್ತಾಳೆ. ಆದರೂ ಬಿಟ್ಟು ಹೊರಡಲಾರಳು. ಹಳೆಯ ಫ್ರೆಂಚ್ ನ್ಯಾಯಪದ್ಧತಿಯಲ್ಲಿ ತಪ್ಪೊಪ್ಪಿಸಲು ಕೊಡುತ್ತಿದ್ದ ಚಿತ್ರಹಿಂಸೆಗೂ ‘ಪ್ರಶ್ನೆ’ ಎಂಬ ಇದೇ ಪದವಿತ್ತೆಂದು ನಿಘಂಟು ಹೇಳಿದಾಗ, ಹಾಡಿನ ನೋವು ಇನ್ನೂ ಒಂದು ಮೆಟ್ಟಿಲು ಕೆಳಗಿಳಿದಂತಾಯಿತು.

ತೊಡಕು ಬಂದದ್ದು ಕಠಿಣ ಪದಗಳಲ್ಲಲ್ಲ, ಎಲ್ಲಕ್ಕಿಂತ ಚಿಕ್ಕ ಪದದಲ್ಲಿ. ಫ್ರೆಂಚಿನಲ್ಲಿ ‘ನೀನು’ ಎನ್ನಲು ‘ತು’, ‘ನೀವು’ ಎನ್ನಲು ‘ವು’. ಇಂಗ್ಲಿಷ್ ತನ್ನ ‘ದೌ’ವನ್ನು ಎಂದೋ ಕಳೆದುಕೊಂಡು ‘ಯೂ’ ಒಂದರಲ್ಲೇ ಎಲ್ಲರನ್ನೂ ಸಾಗಿಸುತ್ತದೆ. ಆದ್ದರಿಂದ ಇಂಗ್ಲಿಷ್ ಅನುವಾದದಲ್ಲಿ ಈ ಭೇದ ಕಾಣುವುದೇ ಇಲ್ಲ. ಕನ್ನಡ ಅದನ್ನು ಬಲ್ಲದು. ಆರ್ಡಿ ಹಾಡುವುದು ‘ತು’ ಎಂದೇ. ಹಾಗಿದ್ದರೆ ‘ನೀನು’ ಎಂದು ಬರೆದರೆ ಮುಗಿಯಿತಲ್ಲ? ಮುಗಿಯಲಿಲ್ಲ. ಫ್ರೆಂಚ್ ಪ್ರೇಮಿಗಳ ‘ತು’ ಎರಡೂ ಕಡೆಯಿಂದ ಓಡಾಡುವ ಪದ. ನಮ್ಮ ಮನೆಯಲ್ಲಿ ಹಾಗಿಲ್ಲ. ಒಬ್ಬರು ‘ನೀನು’ ಎನ್ನುತ್ತಾರೆ. ಇನ್ನೊಬ್ಬರು ಹದಿನೆಂಟು ವರ್ಷಗಳಿಂದ ‘ನೀವು’, ‘ರೀ’ ಎನ್ನುತ್ತಾ ಬಂದಿದ್ದಾರೆ. ನಮ್ಮ ತಾಯಂದಿರೂ ಹಾಗೆಯೇ ಕರೆದವರು. ಆ ‘ರೀ’ಯಲ್ಲಿ ಅಕ್ಕರೆ ಇಲ್ಲವೆಂದಲ್ಲ. ಆದರೆ ‘ನೀವು ಯಾರೆಂದೇ ನನಗೆ ತಿಳಿಯದು’ ಎಂದು ಬರೆದು ಓದಿದರೆ, ಅದು ಕಚೇರಿಯ ಕಿಟಕಿಯಲ್ಲಿ ಗುರುತಿನ ಚೀಟಿ ಕೇಳಿದಂತಿತ್ತು.

ಸರ್ವನಾಮವನ್ನೇ ಕೈಬಿಟ್ಟು ನೋಡಿದೆವು. ಕನ್ನಡದಲ್ಲಿ ಅದು ಸಾಧ್ಯ. ಆದರೆ ಕ್ರಿಯಾಪದದ ತುದಿ ಗುಟ್ಟು ಬಿಟ್ಟುಕೊಡುತ್ತದೆ: ‘ಇದ್ದೀಯೆ’ ಎನ್ನಬೇಕು, ಇಲ್ಲವೇ ‘ಇದ್ದೀರಿ’ ಎನ್ನಬೇಕು, ನಡುವೆ ನಿಲ್ಲಲು ಜಾಗವಿಲ್ಲ. ಆಗ ‘ನೀವು’ ಎನ್ನುವವರು ತಲೆಯೆತ್ತದೆ ಕೇಳಿದರು: “ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ‘ನೀನು’ ಎಂದೇ ಕರೆದಳಲ್ಲ. ದೇವರನ್ನು ಕರೆಯಬಹುದಾದ ಪದದಿಂದ ಗಂಡನನ್ನು ಕರೆಯಲಾಗದ್ದು ಏಕೆ?”

ಹಾಡು ಆಗ ಎಲ್ಲಿಗೆ ಬಂದಿತ್ತೋ ನೆನಪಿಲ್ಲ. ಇನ್ನೊಬ್ಬರಲ್ಲಿ ಉತ್ತರವಿರಲಿಲ್ಲ. ಆದರೆ ಮೂರು ವರ್ಷಗಳಲ್ಲಿ ನಮ್ಮ ನಡುವೆ ಹುಟ್ಟಿದ, ಶುಲ್ಕಕ್ಕೂ ಸಿಲಿಂಡರಿಗೂ ಸಂಬಂಧವಿಲ್ಲದ ಮೊದಲ ಪ್ರಶ್ನೆ ಅದು. ಆ ರಾತ್ರಿ ಬಹಳ ಹೊತ್ತು ಮಾತಾಡಿದೆವು. ಬೇರೆ ಊರಿನ ಬಾಡಿಗೆ ಕೋಣೆಯಲ್ಲಿ ಒಬ್ಬರು ಭಾನುವಾರಗಳನ್ನು ಹೇಗೆ ಕಳೆಯುತ್ತಿದ್ದರು, ಇಲ್ಲಿ ಇನ್ನೊಬ್ಬರು ಜ್ವರದಲ್ಲಿ ಮಲಗಿದ್ದನ್ನು ಏಕೆ ಹೇಳಲಿಲ್ಲ, ಎಲ್ಲವೂ ಹೊರಬಂತು. ಎಲ್ಲವೂ ಹಿತವಾಗಿರಲಿಲ್ಲ.

ತಮ್ಮ ಹಾಡುಗಳ ಹಿಂದೆ ತಾವು ಒಲಿದವರಿಗಾಗಿ ಕಾದ ದೀರ್ಘ ಕಾಲವಿದೆಯೆಂಬುದನ್ನು ಆರ್ಡಿ 2008ರ ಆತ್ಮಕಥೆಯಲ್ಲಿ ಮುಚ್ಚಿಟ್ಟಿಲ್ಲ. ಈ ಆಲ್ಬಮ್ಮಿನಲ್ಲೂ ಒಂದು ಹಾಡು ಮಳೆಯಲ್ಲಾದರೂ ಕಾಯುವವಳದು. ಆದರೆ ಈ ಹಾಡುಗಳು ಕಾಯುವಿಕೆಯನ್ನು ತ್ಯಾಗವೆಂದು ಮೆರೆಸುವುದಿಲ್ಲ. ‘ನಿನ್ನನ್ನು ನಾನು ಅರಿತಿಲ್ಲ’ ಎಂದು ಎದುರಿಗೇ ಹೇಳುವ ಧೈರ್ಯ ತೋರುತ್ತವೆ. ಹಾಗೆ ಹೇಳುವುದೂ ಪ್ರೀತಿಯ ಮಾತೇ ಎಂಬುದನ್ನು ನಾವು ತಡವಾಗಿ ಕಲಿತೆವು.

2024ರ ಜೂನ್ 11ರಂದು ಆರ್ಡಿ ತೀರಿಕೊಂಡರು. ಸುದ್ದಿ ಓದಿದ ರಾತ್ರಿ ಇಡೀ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದೆವು. ನಮ್ಮ ಅನುವಾದ ಇನ್ನೂ ಮುಗಿದಿಲ್ಲ. ನೋಟುಬುಕ್ಕಿನಲ್ಲಿ ಕ್ರಿಯಾಪದಗಳ ತುದಿಯನ್ನು ಪೆನ್ಸಿಲಿನಲ್ಲೇ ಬರೆದಿಟ್ಟಿದ್ದೇವೆ. ಮನೆಯಲ್ಲಿ ‘ನೀವು’ ‘ನೀವು’ ಆಗಿಯೇ ಉಳಿದಿದೆ. ಒಮ್ಮೊಮ್ಮೆ, ದೀಪ ಆರಿಸಿದ ಮೇಲೆ, ತುಂಬ ಮೆಲ್ಲಗೆ, ಒಂದು ‘ನೀನು’ ಕೇಳಿಸುತ್ತದೆ. ಅದನ್ನು ಕೇಳಿಸಿಕೊಂಡವರು ಏನೂ ಹೇಳುವುದಿಲ್ಲ.