ಸಂಪಾದಕರಿಗೊಂದು ಕಾರ್ಡು

ಮಕ್ಕಳ ಪತ್ರಿಕೆ ಮನೆಗೆ ಬಂದೊಡನೆ ಅದನ್ನು ಹಿಂದಿನಿಂದ ತೆರೆಯುವ ಹುಡುಗರುಂಟು. ಕಥೆಗಳು ಮುಂದಿರುತ್ತವೆ, ಅವು ಎಲ್ಲಿಗೂ ಓಡಿಹೋಗುವುದಿಲ್ಲ. ಕೊನೆಯ ಪುಟಗಳಲ್ಲಿ, ಒಗಟಿಗೆ ಸರಿಯುತ್ತರ ಬರೆದವರ, ಚಿತ್ರ ಕಳುಹಿಸಿದವರ ಹೆಸರುಗಳು ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುತ್ತವೆ. ಆ ಪಟ್ಟಿಯ ಮೇಲೆ ಬೆರಳಾಡಿಸುತ್ತ ಹುಡುಗ ತನ್ನ ಊರನ್ನು ಹುಡುಕುತ್ತಾನೆ. ಬೆಂಗಳೂರು, ಮೈಸೂರು, ಧಾರವಾಡಗಳು ಬೇಗನೆ ಸಿಕ್ಕುತ್ತವೆ. ವಿಜಯಪುರವೂ ಒಮ್ಮೊಮ್ಮೆ ಕಾಣಿಸೀತು. ತಿಕೋಟಾ, ಬಬಲೇಶ್ವರ ಎಂಬ ಹೆಸರುಗಳಿಗಾಗಿ ಮಾತ್ರ ಬೆರಳು ಕೊನೆಯ ಸಾಲಿನವರೆಗೂ ಇಳಿಯಬೇಕಾಗುತ್ತದೆ. ಎಷ್ಟೋ ಸಲ ಅಲ್ಲಿಯೂ ಅವು ಇರುವುದಿಲ್ಲ.

ಅಚ್ಚಾದ ಹೆಸರಿನ ಈ ಆಕರ್ಷಣೆಯನ್ನು ಮದರಾಸಿನ ವಡಪಳನಿಯಿಂದ ಹೊರಡುತ್ತಿದ್ದ 'ಚಂದಮಾಮ' ಚೆನ್ನಾಗಿ ಅರಿತಿತ್ತು. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು 1947ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭಿಸಿದ ಆ ಮಾಸಪತ್ರಿಕೆ 1949ರಲ್ಲಿ ಕನ್ನಡಕ್ಕೂ ಬಂದಿತು. ಅದರ ಫೋಟೋ ಶೀರ್ಷಿಕೆ ಸ್ಪರ್ಧೆಯನ್ನು ನೆನೆಯುವ ಹಿರಿಯರು ಈಗಲೂ ಇದ್ದಾರೆ. ಎರಡು ಫೋಟೋಗಳು, ಒಂದಕ್ಕೊಂದು ಹೊಂದುವಂತಹ ಎರಡು ಪುಟ್ಟ ಶೀರ್ಷಿಕೆಗಳು, ಅವನ್ನು ಪೋಸ್ಟ್ ಕಾರ್ಡಿನಲ್ಲಿ ಬರೆದು ಗೊತ್ತುಪಡಿಸಿದ ದಿನಾಂಕದೊಳಗೆ ತಲುಪಿಸಬೇಕು. ಗೆದ್ದವರಿಗೆ ಆ ಕಾಲದಲ್ಲಿ ಹತ್ತು ರೂಪಾಯಿ. ಹತ್ತು ರೂಪಾಯಿಗಿಂತ ಹೆಚ್ಚಿನದಾಗಿತ್ತು ಫೋಟೋದೊಡನೆ ಅಚ್ಚಾಗುತ್ತಿದ್ದ ಹೆಸರು. 1956ರ ನವೆಂಬರ್ 1ರವರೆಗೆ ಬಿಜಾಪುರದ ಹುಡುಗ ಮುಂಬಯಿ ರಾಜ್ಯದವನು, ಕಲಬುರ್ಗಿಯವನು ಹೈದರಾಬಾದಿನವನು, ತುಮಕೂರಿನವನು ಮೈಸೂರಿನವನು. ಏಕೀಕರಣಕ್ಕಾಗಿ ಹಿರಿಯರು ಸಭೆಗಳನ್ನು ನಡೆಸುತ್ತಿದ್ದಾಗ ಈ ಮೂವರೂ ಮದರಾಸಿನಲ್ಲಿ ಅಚ್ಚಾಗುವ ಒಂದೇ ಕನ್ನಡ ಪತ್ರಿಕೆಗೆ ಕಾರ್ಡು ಹಾಕಬಹುದಾಗಿತ್ತು! 2013ರಲ್ಲಿ 'ಚಂದಮಾಮ' ನಿಂತುಹೋಯಿತು. ಇಂದು ಮಕ್ಕಳ ಮಾಸಪತ್ರಿಕೆಗಳು ವಿರಳವಾಗಿವೆ. ದಿನಪತ್ರಿಕೆಗಳ ವಾರದ ಪುರವಣಿಗಳಲ್ಲಿ ಒಂದೆರಡು ಪುಟಗಳು ಮಕ್ಕಳ ಪಾಲಿಗೆ ಉಳಿದಿವೆ. ಪುಟಗಳು ಕಡಿಮೆಯಾದಷ್ಟೂ ಅಲ್ಲಿಗೆ ಏನನ್ನು ಕಳುಹಿಸಬೇಕೆಂಬ ಪ್ರಶ್ನೆ ದೊಡ್ಡದಾಗುತ್ತದೆ.

ತಿಕೋಟಾದ ಶಾಲೆಯೊಂದರಲ್ಲಿ ಏಳನೆಯ ತರಗತಿಯಲ್ಲಿ ಓದುವ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಪತ್ರಿಕೆ 'ಮಳೆ' ಎಂಬ ವಿಷಯದ ಮೇಲೆ ಮಕ್ಕಳಿಂದ ಬರೆಹಗಳನ್ನು ಆಹ್ವಾನಿಸಿದೆ. ಹುಡುಗ ಕುಳಿತು ಬರೆಯುತ್ತಾನೆ: ಮಳೆ ಬಂದರೆ ನವಿಲು ಕುಣಿಯುತ್ತದೆ, ಭೂಮಿ ಹಸಿರಾಗುತ್ತದೆ, ರೈತನ ಮುಖ ಅರಳುತ್ತದೆ. ತಪ್ಪೇನೂ ಇಲ್ಲ. ಬರಗಾಲಕ್ಕೆ ಹೆಸರಾದ ಸೀಮೆಯ ಹುಡುಗ ಮಳೆಯನ್ನು ಹೊಗಳುವುದು ನ್ಯಾಯವೇ. ಆದರೆ ಅವನ ಮನೆಯವರಿಗೆ ದ್ರಾಕ್ಷಿಯ ತೋಟವಿದೆ. ಮಾಘ, ಫಾಲ್ಗುಣಗಳಲ್ಲಿ ಗೊನೆ ಕೊಯ್ದು, ಔಷಧದ ನೀರಿನಲ್ಲಿ ಅದ್ದಿ, ಶೆಡ್ಡಿನೊಳಗೆ ಒಂದರ ಮೇಲೊಂದು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರವಿ, ನೆರಳಿನಲ್ಲಿಯೇ ಎರಡು ವಾರ ಒಣಗಿಸುತ್ತಾರೆ. ನಾಲ್ಕು ಕಿಲೋ ಹಣ್ಣು ಒಣಗಿದರೆ ಸುಮಾರು ಒಂದು ಕಿಲೋ ಒಣದ್ರಾಕ್ಷಿ. ಆ ಹದಿನೈದು ದಿನ ಮನೆಯವರೆಲ್ಲರೂ ಆಕಾಶ ನೋಡುತ್ತಾರೆ. ಮೋಡ ಬಾರದಿರಲೆಂದು ಬೇಡುತ್ತಾರೆ. ಒಂದು ರಾತ್ರಿ ಗಾಳಿಯೊಡನೆ ಅಕಾಲದ ಮಳೆ ಬಂದಿತು. ಅಜ್ಜ ತಾಡಪತ್ರಿ ಹಿಡಿದು ಓಡಿದನು. ಹುಡುಗನೂ ಕಂದೀಲು ಹಿಡಿದು ಹಿಂದೆ ಓಡಿದನು. ಬೆಳಗಾದಾಗ ಅಂಚಿನ ಸಾಲುಗಳು ಕಪ್ಪಾಗಿದ್ದವು.

ಇದನ್ನು ಅವನು ಬರೆಯಲಿಲ್ಲ. ಇದು ಬರೆಯತಕ್ಕ ವಿಷಯವೆಂದು ಅವನಿಗೆ ಯಾರೂ ಹೇಳಿರಲಿಲ್ಲ. ನವಿಲು ಕುಣಿಯುವ ಬರೆಹಗಳು ಸಂಪಾದಕರ ಮೇಜಿನ ಮೇಲೆ ನೂರಿರುತ್ತವೆ. ಕಂದೀಲಿನ ಬೆಳಕಿನಲ್ಲಿ ತಾಡಪತ್ರಿ ಎಳೆದವನ ಬರೆಹ ಒಂದೂ ಇರಲಾರದು.

ಬರೆದನೆಂದೇ ಇಟ್ಟುಕೊಳ್ಳೋಣ. 'ನಮ್ಮ ಮುತ್ಯಾ ಶೆಡ್ಡಿಗೆ ಓಡಿದ' ಎಂದು ಮೊದಲ ಸಾಲು. ಆಗ ಎರಡನೆಯ ವಿಘ್ನ ಬರುತ್ತದೆ. ಓದಿ ನೋಡಿದ ಗುರುಗಳು ಒಳ್ಳೆಯ ಮನಸ್ಸಿನಿಂದಲೇ ಕೆಂಪು ಮಸಿ ತೆಗೆದು 'ಮುತ್ಯಾ' ಎಂಬುದನ್ನು 'ತಾತ' ಎಂದು ತಿದ್ದುತ್ತಾರೆ. ಕೊನೆಯಲ್ಲಿ, 'ಆದ್ದರಿಂದ ನಾವೆಲ್ಲರೂ ರೈತರನ್ನು ಗೌರವಿಸಬೇಕು' ಎಂದು ಒಂದು ವಾಕ್ಯ ಸೇರಿಸುತ್ತಾರೆ. ಅಕ್ಷರದ ತಪ್ಪು ತಿದ್ದುವುದು ಗುರುಗಳ ಧರ್ಮ, ಅಜ್ಜನನ್ನೇ ಬದಲಾಯಿಸುವುದಲ್ಲ. ತಿಕೋಟಾದ ಓಣಿಗಳಲ್ಲಿ ತಾತ ಎಂಬುವವನು ಇಲ್ಲ. ಇದೇ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಹಾಡುಗಳನ್ನು ಸಂಗ್ರಹಿಸಿ, 1931ರಲ್ಲಿ 'ಗರತಿಯ ಹಾಡು' ಹೊರತಂದಾಗ, ಆ ಹೆಣ್ಣುಮಕ್ಕಳ ನುಡಿಯೇ ಕನ್ನಡದ ಸಂಪತ್ತಾಯಿತು. ಆ ನೆಲದ ಹುಡುಗನಿಗೆ ತನ್ನ ಮುತ್ಯಾನ ಹೆಸರಿಗಾಗಿ ನಾಚಬೇಕಾಗಿಲ್ಲ.

ತಿದ್ದುವ ಗುರುಗಳಿಗಿಂತ ಅಪಾಯಕಾರಿಯಾದವರು ತಾವೇ ಬರೆದುಕೊಡುವ ತಾಯಿತಂದೆಗಳು. ಇದು ಹೊಸ ರೋಗವಲ್ಲ. ಅಮೆರಿಕದ 'ಸೇಂಟ್ ನಿಕೊಲಾಸ್' ಎಂಬ ಮಕ್ಕಳ ಮಾಸಪತ್ರಿಕೆ 1899ರಲ್ಲಿ ತನ್ನ ಎಳೆಯ ಓದುಗರಿಗಾಗಿ ಒಂದು ಕೂಟವನ್ನು ಸ್ಥಾಪಿಸಿ, ಕವಿತೆ, ಕಥೆ, ಚಿತ್ರ, ಫೋಟೋ, ಒಗಟುಗಳಿಗೆ ಪ್ರತಿ ತಿಂಗಳೂ ಸ್ಪರ್ಧೆ ನಡೆಸಿ ಚಿನ್ನದ, ಬೆಳ್ಳಿಯ ಬಿಲ್ಲೆಗಳನ್ನು ಕೊಡುತ್ತಿತ್ತು. ಬರೆಹವು ಮಗುವಿನ ಸ್ವಂತದ್ದೆಂದು ಹಿರಿಯರೊಬ್ಬರು ಬರೆದುಕೊಡಬೇಕೆಂಬುದು ಅದರ ನಿಯಮವಾಗಿತ್ತು. 1918ರಲ್ಲಿ ಅದರಲ್ಲಿ ತನ್ನ ಕಥೆ ಅಚ್ಚಾದುದನ್ನು ಕಂಡ ಹನ್ನೊಂದು ವರ್ಷದ ಹುಡುಗಿ ರೇಚಲ್ ಕಾರ್ಸನ್. ಕೀಟನಾಶಕಗಳ ಹಾವಳಿಯನ್ನು ಲೋಕಕ್ಕೆ ತಿಳಿಸಿದ 'ಸೈಲೆಂಟ್ ಸ್ಪ್ರಿಂಗ್' ಗ್ರಂಥವನ್ನು 1962ರಲ್ಲಿ ಬರೆದವಳು ಅವಳೇ.

ಎಲ್ಲರೂ ಕಥೆ, ಕವಿತೆಗಳನ್ನೇ ಬರೆಯಬೇಕೆಂದಿಲ್ಲ. ಪ್ರಶ್ನೆ ಕೇಳುವುದೂ ಪತ್ರಿಕೆಯಲ್ಲಿ ಪಾಲ್ಗೊಳ್ಳುವ ಬಗೆಯೇ; ಒಂದು ದೃಷ್ಟಿಯಿಂದ ಅದೇ ಹೆಚ್ಚಿನದು. ವಿಜಯಪುರದಿಂದ ಬಬಲೇಶ್ವರಕ್ಕೆ ಹೋಗುವಾಗ ಸಾರವಾಡದ ಹತ್ತಿರ ಡೋಣಿ ನದಿ ಅಡ್ಡ ಬರುತ್ತದೆ. ಡೋಣಿ ಬೆಳೆದರೆ ನಾಡಿಗೆಲ್ಲ ಜೋಳ ಎನ್ನುವಷ್ಟು ಆ ದಂಡೆಯ ಎರೆಭೂಮಿಗೆ ಹೆಸರುಂಟು. ಆದರೆ ಅದರ ನೀರು ಉಪ್ಪು, ಕುಡಿಯಲು ಬಾರದು. ಆ ದಾರಿಯಲ್ಲಿ ಬಸ್ಸಿನ ಕಿಟಕಿಗೆ ಮುಖವಿಟ್ಟು ಕುಳಿತ ಬಬಲೇಶ್ವರದ ಹುಡುಗಿ, 'ಕೃಷ್ಣೆಯ ನೀರು ಸಿಹಿಯಾಗಿದೆ, ಅದನ್ನೇ ಸೇರುವ ಡೋಣಿಯ ನೀರೇಕೆ ಉಪ್ಪು?' ಎಂದು ಒಂದು ಕಾರ್ಡು ಬರೆದರೆ, ಸಂಪಾದಕರು ಭೂವಿಜ್ಞಾನ ಬಲ್ಲವರನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ಮಳೆ ಕಡಿಮೆಯಿರುವ ಸೀಮೆಯಲ್ಲಿ ನೀರು ಬಸಿಯದ ಎರೆಮಣ್ಣು ಲವಣಗಳನ್ನು ಹಿಡಿದಿಟ್ಟುಕೊಳ್ಳುವುದನ್ನೂ ಹಳ್ಳದ ನೀರು ಅವನ್ನು ಹೊತ್ತು ತರುವುದನ್ನೂ ಅವರು ಅರ್ಧ ಪುಟದಲ್ಲಿ ವಿವರಿಸಿದರೆ, ಆ ಅರ್ಧ ಪುಟ ಆ ಹುಡುಗಿಯದೇ.

ಇನ್ನು ವಿಜಯಪುರ ನಗರದ ಮಕ್ಕಳು. ಚಿತ್ರ ಬರೆಯಿರೆಂದರೆ ಅವರೆಲ್ಲರೂ ಗೋಳಗುಮ್ಮಟವನ್ನೇ ಬರೆಯುತ್ತಾರೆ! 1656ರಲ್ಲಿ ಕಾಲವಾದ ಮಹಮ್ಮದ್ ಆದಿಲ್‌ಶಹನ ಗೋರಿ ಅಂದಿನಿಂದ ಎಷ್ಟು ಹಾಳೆಗಳ ಮೇಲೆ ಎದ್ದಿದೆಯೋ ಲೆಕ್ಕವಿಲ್ಲ. ಗುಮ್ಮಟವನ್ನು ಬಿಡಬೇಕೆಂದಲ್ಲ. ಅದರ ಪಿಸುಗುಟ್ಟುವ ಮೊಗಸಾಲೆಯಲ್ಲಿ ತನ್ನ ಹೆಸರನ್ನು ಕೂಗಿ, ಅದು ಮರಳಿ ಮರಳಿ ಕೇಳಿದಾಗ ಬಾಯಿ ತೆರೆದು ನಿಂತ ತಮ್ಮನ ಮುಖವನ್ನು ಬರೆಯಬಹುದು. 1620ರ ತಾಜಬಾವಡಿಯ ಮೆಟ್ಟಿಲ ಮೇಲೆ ಕುಳಿತು ಕಂಡುದನ್ನು ಬರೆಯಬಹುದು.

ಕಳುಹಿಸುವ ಕ್ರಮ ಸುಲಭವಾದುದು. ಹಾಳೆಯ ಒಂದೇ ಮಗ್ಗುಲಿಗೆ ಅಂಚು ಬಿಟ್ಟು ಬರೆಯುವುದು, ಹೆಸರು, ವಯಸ್ಸು, ತರಗತಿ, ಶಾಲೆ, ಪಿನ್ ಸಹಿತ ವಿಳಾಸ ಕೊಡುವುದು, ಒಂದು ಪ್ರತಿ ಇಟ್ಟುಕೊಳ್ಳುವುದು. ಮಾಸಪತ್ರಿಕೆಯಾದರೆ ಯುಗಾದಿಯ ಬರೆಹವನ್ನು ಸಂಕ್ರಾಂತಿಗೇ ಕಳುಹಿಸಬೇಕು. ಇಷ್ಟೇ. ಮೊಬೈಲಿನಲ್ಲಿ ಚಿತ್ರದ ಫೋಟೋ ತೆಗೆದು ಕಳುಹಿಸಲು ಹೇಳುವ ಪತ್ರಿಕೆಗಳೂ ಈಗ ಉಂಟು. ಹಗಲು ಬೆಳಕಿನಲ್ಲಿ ತೆಗೆದರೆ ಸಾಕು. ಯಾವ ಪತ್ರಿಕೆಯೂ ಕೈಗೆ ಬಾರದ ಊರಿನಲ್ಲಿ ಶಾಲೆಯ ಗೋಡೆಯಿದೆ: ನಾಲ್ಕು ಹಾಳೆ ಅಂಟಿಸಿದರೆ ಗೋಡೆಪತ್ರಿಕೆ, ಹೊಲಿದರೆ ಕೈಬರಹದ ಪತ್ರಿಕೆ. ಅದಕ್ಕೂ ಸಂಪಾದಕ ಬೇಕು, ಅವನೊಡನೆ ಜಗಳವಾಡುವ ಲೇಖಕರೂ ಬೇಕು.

ಮಕ್ಕಳಿಗೆ ಇಷ್ಟು ಹೇಳಿದ ಮೇಲೆ ಪತ್ರಿಕೆಗಳಿಗೂ ಒಂದು ಮಾತು. ಬಂಗಾಳದಲ್ಲಿ ಉಪೇಂದ್ರಕಿಶೋರ ರಾಯರು 1913ರಲ್ಲಿ ಆರಂಭಿಸಿದ್ದ 'ಸಂದೇಶ್' ಪತ್ರಿಕೆಯನ್ನು ಅವರ ಮೊಮ್ಮಗ ಸತ್ಯಜಿತ್ ರಾಯರು 1961ರಲ್ಲಿ ಮತ್ತೆ ಜೀವಗೊಳಿಸಿದಾಗ, ಮಕ್ಕಳ ಬರೆಹಗಳಿಗೆ 'ಕೈ ಪಳಗಿಸುವ ಕೂಟ' ಎಂಬ ಅರ್ಥದ ಹೆಸರಿನ ಪುಟಗಳು ದೊರೆತವು. ಭೋಪಾಲದ ಏಕಲವ್ಯ ಸಂಸ್ಥೆ 1985ರಲ್ಲಿ ಆರಂಭಿಸಿದ 'ಚಕಮಕ್' ಮಾಸಪತ್ರಿಕೆಯಲ್ಲಿ ಮಕ್ಕಳ ಭಾಗದ ಹೆಸರೇ 'ಮೇರಾ ಪನ್ನಾ', ನನ್ನ ಪುಟ. ಆ ಹೆಸರು ಸುಮ್ಮನೆ ಬರುವುದಿಲ್ಲ. ಬಂದ ಕಾರ್ಡಿಗೆ ಎರಡು ಸಾಲಿನ ಉತ್ತರ ಬರೆದರೆ ಮಾತ್ರ ಮಗು ಎರಡನೆಯ ಕಾರ್ಡು ಬರೆದೀತು. ಅಚ್ಚು ಹಾಕಲಾಗದಿದ್ದರೆ ಅದನ್ನೂ ತಿಳಿಸಬಹುದು. ಮೌನವನ್ನು ದೊಡ್ಡವರು ಕಾರ್ಯಬಾಹುಳ್ಯವೆಂದು ಅರ್ಥಮಾಡಿಕೊಳ್ಳುತ್ತಾರೆ. ಹನ್ನೆರಡು ವರ್ಷದವನು ತನ್ನ ಬರೆಹ ಕೆಟ್ಟದ್ದೆಂದೇ ತಿಳಿಯುತ್ತಾನೆ.

ತಿಕೋಟಾದ ಹುಡುಗ ಹೊಸ ಹಾಳೆ ತೆಗೆದುಕೊಂಡು, ಗುರುಗಳು ಸೇರಿಸಿದ ಕೊನೆಯ ವಾಕ್ಯವನ್ನು ಬಿಟ್ಟು, ಮಳೆಯ ರಾತ್ರಿಯನ್ನು ಮತ್ತೊಮ್ಮೆ ಬರೆಯುತ್ತಾನೆ. ಕಾಗುಣಿತ ತಿದ್ದಿಕೊಳ್ಳುತ್ತಾನೆ. ಲಕೋಟೆ ಅಂಟಿಸುವ ಮುನ್ನ ಒಂದು ಚೀಟಿಯಲ್ಲಿ, 'ಮಾನ್ಯ ಸಂಪಾದಕರೇ, ದಯವಿಟ್ಟು ಮುತ್ಯಾ ಎಂಬುದನ್ನು ಹಾಗೆಯೇ ಇರಿಸಬೇಕು, ಅವರಿಗೆ ಓದಿ ತೋರಿಸುವುದಿದೆ' ಎಂದು ಬರೆದು ಒಳಗೆ ಸೇರಿಸುತ್ತಾನೆ.