ಒಂದೇ ಹೆಸರಿಗೆ ಎರಡು ಗೆರೆ

ಬೋಧನಾಭ್ಯಾಸಕ್ಕೆಂದು ನನ್ನನ್ನು ಕಳಿಸಿದ್ದು ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯ ಶಾಲೆಯೊಂದಕ್ಕೆ. ಆರನೇ ತರಗತಿ, ಕನ್ನಡ ವಿಷಯ, ಸಂಬಂಧವಾಚಕ ಪದಗಳ ಪಾಠ. ರಾತ್ರಿ ಕೂತು ಚಾರ್ಟ್ ಬರೆದಿದ್ದೆ: ಅತ್ತೆ ಎಂದರೆ ತಂದೆಯ ಸಹೋದರಿ, ಅಜ್ಜಿ ಎಂದರೆ ತಂದೆಯ ಅಥವಾ ತಾಯಿಯ ತಾಯಿ. ಒಂದು ಪದಕ್ಕೆ ಒಂದು ಚೌಕ. ಗೃಹಪಾಠಕ್ಕೆ ಮನೆಯವರ ವಂಶವೃಕ್ಷ ಬರೆದು ತರಲು ಹೇಳಿದೆ.

ಮರುದಿನ ಒಬ್ಬ ಹುಡುಗಿಯ ಹಾಳೆಯಲ್ಲಿ ಅಜ್ಜಿಯ ಜಾಗದಲ್ಲೂ ಅತ್ತೆಯ ಜಾಗದಲ್ಲೂ ಒಂದೇ ಹೆಸರು. ಕೇಳದೆಯೇ ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕಿದೆ. "ಒಬ್ಬರೇ ಅಜ್ಜಿನೂ ಅತ್ತೆನೂ ಆಗ್ತಾರೇನಮ್ಮ?" ಎಂದೆ. ತರಗತಿ ನಕ್ಕಿತು. ಅವಳು ತಲೆ ತಗ್ಗಿಸಿ, "ನಮ್ಮವ್ವನ್ನ ಅವರ ಸೋದರಮಾವಗೇ ಕೊಟ್ಟಿರೋದು ಮಿಸ್" ಎಂದಳು.

ನಾನು ಬೆರಳೆಣಿಸಿ ನೋಡಿದೆ. ಅವಳ ಅಪ್ಪ ಅವಳ ಅವ್ವನ ಸೋದರಮಾವ. ಆದ್ದರಿಂದ ಅಪ್ಪನ ಅಕ್ಕನೇ ಅವ್ವನ ತಾಯಿ. ಹುಡುಗಿ ಬರೆದದ್ದು ಸರಿಯಾಗಿತ್ತು.

ಅಷ್ಟರಲ್ಲಿ ಹಿಂದಿನ ಸಾಲಿನ ಉರ್ದು ಮನೆಮಾತಿನ ಹುಡುಗ ಎದ್ದು ನಿಂತ. "ಮಿಸ್, ಅಪ್ಪನ ತಂಗಿ ನಮಗೆ ಫೂಫಿ, ಮಾಮನ ಹೆಂಡತಿ ಮುಮಾನಿ, ಗಂಡನ ತಾಯಿ ಸಾಸ್. ಕನ್ನಡದಾಗೆ ಮೂವರೂ ಅತ್ತೇನಾ?" ಹೌದು, ಮೂವರೂ ಅತ್ತೆಯೇ. ನನ್ನ ಚಾರ್ಟಿನಲ್ಲಿ ಒಬ್ಬರಷ್ಟೇ ಇದ್ದರು.

ಆ ಸಂಜೆ ಪಾಠಯೋಜನೆಯನ್ನು ಪಕ್ಕಕ್ಕಿಟ್ಟು ಈ ಪದವನ್ನೇ ಹಿಡಿದು ಕೂತೆ. ಸೋದರತ್ತೆಯ ಮಗನಿಗೋ ಸೋದರಮಾವನ ಮಗನಿಗೋ ಹೆಣ್ಣು ಕೊಡುವ ರೂಢಿಯಿದ್ದ ಸಮಾಜದಲ್ಲಿ ಅಪ್ಪನ ತಂಗಿ, ಮಾವನ ಹೆಂಡತಿ, ಗಂಡನ ತಾಯಿ ಒಬ್ಬರೇ ಆಗಬಹುದು. ಹಾಗಾಗಿ ಒಂದು ಪದ ಸಾಕಾಯಿತು. ತೆಲುಗಿನ 'ಅತ್ತ' ಕೂಡ ಹೀಗೆಯೇ ಮೂವರನ್ನೂ ಒಳಗೊಳ್ಳುತ್ತದೆ. ಮರಾಠಿಯ 'ಆತ್ಯಾ' ಅಪ್ಪನ ಸಹೋದರಿ ಮಾತ್ರ. ಗಂಡನ ತಾಯಿ ಅಲ್ಲಿ 'ಸಾಸೂ'. ದಕ್ಷಿಣದ ಬಂಧುತ್ವ ಉತ್ತರದ್ದಕ್ಕಿಂತ ಹೇಗೆ ಬೇರೆ ಎಂಬುದನ್ನು ಇರಾವತಿ ಕರ್ವೆಯವರು 1953ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ.

ಆ ಹುಡುಗನ 'ಸಾಸ್' ಇನ್ನೂ ದೂರ ಕರೆದೊಯ್ದಿತು. ಅದರ ಮೂಲ ಸಂಸ್ಕೃತದ 'ಶ್ವಶ್ರೂ'. ರಷ್ಯನ್ ಭಾಷೆಯಲ್ಲಿ ಗಂಡನ ತಾಯಿಗೆ ಹೇಳುವ 'ಸ್ವೆಕ್ರೋವ್' ಇದೇ ಬೇರಿನದು. ಆದರೆ ರಷ್ಯನ್ನರು ಹೆಂಡತಿಯ ತಾಯಿಯನ್ನು 'ತ್ಯೋಶಾ' ಎಂದು ಬೇರೆಯಾಗಿ ಕರೆಯುತ್ತಾರೆ. ನಾವು ಇಬ್ಬರನ್ನೂ ಅತ್ತೆ ಎನ್ನುತ್ತೇವೆ. ಅತ್ತ ಅಪ್ಪನ ಸಹೋದರಿಗೂ ಅವ್ವನ ಸಹೋದರಿಗೂ ಅವರಲ್ಲಿ 'ತ್ಯೋತ್ಯಾ' ಒಂದೇ ಪದ. ನಮ್ಮಲ್ಲಿ ಅವ್ವನ ಅಕ್ಕ ದೊಡ್ಡವ್ವ, ತಂಗಿ ಚಿಗವ್ವ. ಅವರು ತಾಯಂದಿರು, ಅವರ ಮಕ್ಕಳು ಅಣ್ಣತಮ್ಮ, ಅಕ್ಕತಂಗಿಯರು. ಅತ್ತೆ ಎಂದೂ ಈ ಸಾಲಿಗೆ ಸೇರುವುದಿಲ್ಲ. ಇಂಗ್ಲಿಷ್ ಪಾಠದಲ್ಲಿ ಎಲ್ಲರನ್ನೂ 'ಆಂಟಿ' ಎಂದು ಕಲಿಸುವಾಗ ಮಗು ಈ ವ್ಯತ್ಯಾಸವನ್ನೆಲ್ಲ ಬದಿಗಿಡಬೇಕಾಗುತ್ತದೆ.

ರಕ್ತಸಂಬಂಧದ ಮದುವೆಯಿಂದ ಮಕ್ಕಳ ಆರೋಗ್ಯಕ್ಕೆ ಆಗಬಹುದಾದ ತೊಂದರೆಯನ್ನು ವಿಜ್ಞಾನದ ತರಗತಿಯಲ್ಲಿ ಹೇಳಲೇಬೇಕು. ಆದರೆ ತನ್ನ ಮನೆಯನ್ನು ಇದ್ದಂತೆ ಬರೆದ ಮಗುವಿಗೆ ತಪ್ಪು ಗುರುತು ಹಾಕುವುದಕ್ಕೆ ಅದು ಕಾರಣವಲ್ಲ. ಮಕ್ಕಳ ಬಹುಭಾಷಿಕತೆ ತರಗತಿಯ ಸಂಪನ್ಮೂಲ ಎಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಹೇಳುವುದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಕೆಂಪು ಪೆನ್ನು ಹಿಡಿದಾಗ ಅದು ನೆನಪಾಗಲಿಲ್ಲ.

ಮುಂದಿನ ಅವಧಿಗೆ ಚಾರ್ಟ್ ಒಯ್ಯಲಿಲ್ಲ. "ನಿಮ್ಮ ಮನೇಲಿ ಯಾರನ್ನ ಅತ್ತೆ ಅಂತೀರಿ?" ಎಂದು ಕೇಳಿ, ಬಂದ ಉತ್ತರಗಳನ್ನೆಲ್ಲ ಕಪ್ಪುಹಲಗೆಯ ಮೇಲೆ ಬರೆದೆ. ಫೂಫಿ, ಮುಮಾನಿ, ಸಾಸ್ ಕೂಡ ಸೇರಿದವು. ಅರ್ಥ ಹೇಳಿದ್ದು ಕೊನೆಯಲ್ಲಿ, ಅದನ್ನೂ ಮಕ್ಕಳೇ ಹೇಳಿದರು. ಇದೇ ಪಾಠ ಮಾಡಲಿರುವ ಸಹಪಾಠಿಗಳಿಗೆ ನನ್ನ ಸಲಹೆಯೂ ಇಷ್ಟೇ: ಮೊದಲು ಕೇಳಿ, ಆಮೇಲೆ ಚಾರ್ಟ್ ಬರೆಯಿರಿ.

ಆ ಹುಡುಗಿಯ ಹತ್ತಿರ ಎಲ್ಲರೆದುರೇ ಹೇಳಿದೆ, ತಪ್ಪು ನನ್ನದು ಎಂದು. ಅವಳು ಹಾಳೆ ತೆಗೆದುಕೊಂಡು, "ಹಂಗಾದ್ರೆ ಹೆಸರು ಎರಡು ಸಲ ಬರೀಲಾ, ಒಂದೇ ಸಲ ಬರೀಲಾ ಮಿಸ್?" ಎಂದಳು. ಒಂದೇ ಸಲ ಬರೆದು ಎರಡು ಗೆರೆ ಎಳೆ ಎಂದೆ.