ಪಕ್ಕದ ಮನೆ ಅಜ್ಜಿ

ನಮ್ಮ ಪಕ್ಕದ ಮನೆ ಅಜ್ಜಿಗೆ ಯಾರೂ ಇಲ್ಲ. ಕಣ್ಣು ಮಂಜಾಗಿ ಒಲೆ ಹಚ್ಚಲು ಆಗುತ್ತಿರಲಿಲ್ಲ. ನಮ್ಮವ್ವನೇ ರೊಟ್ಟಿ ಕೊಡುತ್ತಿದ್ದಳು. ಸುಗ್ಗಿಗೆ ಅವ್ವ ಹೊಲಕ್ಕೆ ಹೋದರೆ ಅಜ್ಜಿ ಸಂಜೆತನಕ ಉಪವಾಸ.

60 ವರ್ಷ ತುಂಬಿದ ಬಡವರಿಗೆ ಜಿಲ್ಲೆಗೊಂದಾದರೂ ವೃದ್ಧಾಶ್ರಮ ಸರ್ಕಾರ ಮಾಡಬಹುದು, ಅದರಲ್ಲಿ ಕನಿಷ್ಠ 150 ಜನರಿಗೆ ಜಾಗ ಇರಬೇಕು ಅಂತ 2007ರ ಕಾನೂನಿನಲ್ಲಿದೆ ಎಂದು ನಮ್ಮ ಸರ್ ಹೇಳಿದರು. 14567ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರಂತೆ. ಫೋನ್ ಮಾಡಿದೆವು. ನಾನು ಅಜ್ಜಿಯ ಆಧಾರ್ ಕಾರ್ಡು, ರೇಷನ್ ಕಾರ್ಡು ಜೆರಾಕ್ಸ್ ಮಾಡಿಸಿಕೊಂಡು ಬಂದೆ. ಅಪ್ಪ ಅರ್ಜಿ ಕೊಟ್ಟು ಬಂದ. ಜಾಗ ಖಾಲಿ ಆಗಲು ಎರಡು ತಿಂಗಳು ಕಾದೆವು.

ಹೋಗುವ ದಿನ ಅಜ್ಜಿ, "ನನ್ನ ಕೋಳಿ ಯಾರ್ ನೋಡ್ತಾರ ತಮ್ಮಾ?" ಅಂದಳು. ಈಗ ಕೋಳಿ ನಮ್ಮ ಮನೆಯಲ್ಲಿದೆ.

ಗೆಳೆಯರೇ, ಓದು ಬಾರದ ಅಜ್ಜ ಅಜ್ಜಿ ನಿಮ್ಮ ಓಣಿಯಲ್ಲೂ ಇರುತ್ತಾರೆ. ಅವರ ಅರ್ಜಿ ನಾವು ಬರೆದು ಕೊಡೋಣ.